ಕ್ರಿಸ್ಸಿ ಫೀಲ್ಡ್: ಯಾವ ಇಸವಿಗೆ ವಾಪಸ್ಸು?

ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ಕನ್ನಡಿಗರಿಗೆ ಊರಿಂದ ಬಂದ ನೆಂಟರಿಗೆ ಗೋಲ್ಡನ್ ಗೇಟ್ ಸೇತುವೆ ತೋರಿಸುವುದು ಒಂದು ಶಾಸ್ತ್ರ. ಹಿಂದೆ ಕೆಂಪು ಸೇತುವೆ, ಮುಂದೆ ಗಾಳಿಗೆ ಸೆರಗು ಹಿಡಿದುಕೊಂಡ ಅತ್ತೆ, ಮಂಕಿ ಕ್ಯಾಪ್ ಹಾಕಿದ ಮಾವ. ಈ ಫೋಟೋ ತೆಗೆಯಲು ಒಳ್ಳೇ ಜಾಗ ಕ್ರಿಸ್ಸಿ ಫೀಲ್ಡ್ ಎಂಬ ಕಡಲತೀರದ ಪಾರ್ಕು. ಫೋಟೋ ತೆಗೆಯುವವರ ಬೆನ್ನ ಹಿಂದೆ ಒಂದು ಜೌಗು ಇದೆ. ಉಪ್ಪು ನೀರು, ಹುಲ್ಲು, ಒಂಟಿಕಾಲಲ್ಲಿ ನಿಂತ ಬಕ. ಅನಾದಿ ಕಾಲದಿಂದ ಇದ್ದಂತೆ ಕಾಣುತ್ತದೆ. ಆದರೆ ಅದರ ವಯಸ್ಸು ಗೂಗಲ್ ಕಂಪನಿಗಿಂತ ಒಂದು ವರ್ಷ ಕಡಿಮೆ! ಅದಕ್ಕೆ ಸಮುದ್ರದ ನೀರು ಬಿಟ್ಟಿದ್ದು 1999ರ ನವೆಂಬರಿನಲ್ಲಿ.

ಹಾಗಂತ ಅಲ್ಲಿ ಮೊದಲು ಜೌಗು ಇರಲಿಲ್ಲ ಅಂತಲ್ಲ. ಸುಮಾರು 130 ಎಕರೆಯಷ್ಟು ಇತ್ತು. ಒಹ್ಲೋನಿ ಜನ ಸಾವಿರಾರು ವರ್ಷ ಅಲ್ಲಿ ಚಿಪ್ಪು, ಮೀನು, ಹಕ್ಕಿ ಹಿಡಿದು ಬದುಕಿದ್ದರು. 1776ರಲ್ಲಿ ಸ್ಪೇನಿನವರು ಬಂದು ಪಕ್ಕದಲ್ಲೇ ಪ್ರೆಸಿಡಿಯೋ ಎಂಬ ದಂಡುಪ್ರದೇಶ ಕಟ್ಟಿದರು. ಅದು ಆಮೇಲೆ ಮೆಕ್ಸಿಕೋ ಕೈಗೆ, ಆಮೇಲೆ ಅಮೆರಿಕದ ಸೈನ್ಯದ ಕೈಗೆ ಹೋಯಿತು. ಜೌಗನ್ನು ಕಸ ಸುರಿಯುವ ಜಾಗ ಅಂದುಕೊಳ್ಳುವುದು ಎಲ್ಲ ದೇಶದಲ್ಲೂ ಒಂದೇ ಇರಬೇಕು. ಸ್ವಲ್ಪ ಸ್ವಲ್ಪವೇ ತುಂಬುತ್ತಾ ಬಂದರು. 1915ರ ಪನಾಮಾ-ಪೆಸಿಫಿಕ್ ಪ್ರದರ್ಶನಕ್ಕೆ ಅಂತ ಉಳಿದದ್ದನ್ನೂ ಮುಚ್ಚಿದರು. ಪ್ರದರ್ಶನ ಮುಗಿದ ಮೇಲೆ ಸಿಕ್ಕಿದ ಸಮತಟ್ಟು ನೆಲದಲ್ಲಿ 1921ರಲ್ಲಿ ಸೈನ್ಯದ ವಿಮಾನ ನಿಲ್ದಾಣ ಆಯಿತು. 1919ರಲ್ಲಿ ಅಪಘಾತದಲ್ಲಿ ಸತ್ತ ಮೇಜರ್ ಡೇನಾ ಕ್ರಿಸ್ಸಿಯ ಹೆಸರಿಟ್ಟರು. 1924ರಲ್ಲಿ ರಸೆಲ್ ಮಾಘನ್ ಎಂಬ ಪೈಲಟ್ ಬೆಳಗಾಗುವ ಹೊತ್ತಿಗೆ ನ್ಯೂಯಾರ್ಕ್ ಬಿಟ್ಟು ಅದೇ ದಿನ ಇಲ್ಲಿ ಬಂದಿಳಿದ. ಆಗ ಅದು ದೊಡ್ಡ ಸುದ್ದಿ.

ಸೈನ್ಯದ ವಿಮಾನಗಳು 1974ರ ತನಕ ಇಳಿಯುತ್ತಿದ್ದವು. 1994ರಲ್ಲಿ ಸೈನ್ಯ ಪ್ರೆಸಿಡಿಯೋವನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬಿಟ್ಟುಕೊಟ್ಟಾಗ ಸಿಕ್ಕಿದ್ದು ಒಡೆದ ಡಾಂಬರು, ತಂತಿಬೇಲಿ ಮತ್ತು ವಿಷ ಇಳಿದ ಮಣ್ಣು.

ಇಲ್ಲಿ ನನಗೆ ಕುತೂಹಲ ಹುಟ್ಟಿಸುವ ಪ್ರಶ್ನೆ ಬರುತ್ತದೆ. 'ಮೊದಲಿನಂತೆ ಮಾಡೋಣ' ಅಂದರೆ ಯಾವ ಇಸವಿಯ ಮೊದಲು? 1775ರ ಜೌಗೋ, 1921ರ ಹುಲ್ಲಿನ ರನ್‌ವೇಯೋ? ಎರಡೂ ಚರಿತ್ರೆಯೇ. ಪ್ರೆಸಿಡಿಯೋ 1962ರಿಂದ ರಾಷ್ಟ್ರೀಯ ಚಾರಿತ್ರಿಕ ತಾಣ, ಆದ್ದರಿಂದ ವಿಮಾನದ ಮೈದಾನವನ್ನು ಸುಮ್ಮನೆ ಅಗೆದುಹಾಕುವಂತಿಲ್ಲ. ಇದರ ಜೊತೆಗೆ ವಿಂಡ್‌ಸರ್ಫಿಂಗ್ ಮಾಡುವವರಿಗೆ ಕಾರ್ ಪಾರ್ಕಿಂಗ್ ಬೇಕು, ನಾಯಿ ಸಾಕಿದವರಿಗೆ ಹಗ್ಗ ಬಿಚ್ಚಿ ಓಡಿಸಲು ಜಾಗ ಬೇಕು. ನಮ್ಮೂರ ಆಸ್ತಿ ಪಾಲಿನ ಪಂಚಾಯಿತಿಯೇ ನೋಡಿ.

ಕೊನೆಗೆ ಎಲ್ಲರಿಗೂ ಒಂದೊಂದು ಪಾಲು ಸಿಕ್ಕಿತು. ಒಟ್ಟು 100 ಎಕರೆ. ಅದರಲ್ಲಿ 28 ಎಕರೆ ಹುಲ್ಲಿನ ಮೈದಾನ, ಸುಮಾರು 18 ಎಕರೆ ಜೌಗು, ಉಳಿದದ್ದು ಮರಳುದಿಬ್ಬ, ಬೀಚು, ಕಾಲುದಾರಿ. ಖರ್ಚು ಸುಮಾರು 34 ಮಿಲಿಯನ್ ಡಾಲರ್. ಅದರಲ್ಲಿ 18 ಮಿಲಿಯನ್ ಹಾಸ್ ಕುಟುಂಬದ ಫಂಡ್‌ನಿಂದ ಬಂತು (ಲೀವೈಸ್ ಜೀನ್ಸ್ ದುಡ್ಡು!). 87,000 ಟನ್ ವಿಷವಸ್ತು ತೆಗೆದು ಸಾಗಿಸಿದರು. ಪ್ರೆಸಿಡಿಯೋದಲ್ಲೇ ಉಳಿದಿದ್ದ ಗಿಡಗಳಿಂದ ಬೀಜ ಆರಿಸಿ, ನರ್ಸರಿಯಲ್ಲಿ ಬೆಳೆಸಿ, ಒಂದು ಲಕ್ಷ ಸಸಿ ನೆಟ್ಟರು. ನೆಟ್ಟವರಲ್ಲಿ ಶಾಲೆಯ ಮಕ್ಕಳೂ ಸೇರಿ ಸಾವಿರಾರು ಸ್ವಯಂಸೇವಕರು. ಬೇರೆ ಊರಿನ ನರ್ಸರಿಯಿಂದ ಲಾರಿಯಲ್ಲಿ ತಂದು ಸುರಿಯಲಿಲ್ಲ ಅನ್ನುವುದೇ ನನಗೆ ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸಿದ ಸಂಗತಿ. 2001ರ ಮೇ ತಿಂಗಳಲ್ಲಿ ಪಾರ್ಕು ತೆರೆಯಿತು. ತೀರದುದ್ದಕ್ಕೂ ಅಗಲವಾದ, ಸಮತಟ್ಟಾದ ದಾರಿ ಇದೆ. ಗಾಲಿಕುರ್ಚಿಯವರು, ಮಂಡಿನೋವಿನ ಅಜ್ಜಿಯರು, ಸ್ಟ್ರೋಲರ್ ತಳ್ಳುವವರು ಎಲ್ಲರೂ ನೀರಿನ ಪಕ್ಕದಲ್ಲೇ ಸೇತುವೆ ಕಡೆಗೆ ಹೋಗಬಹುದು.

ಪಾಲುಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಅಲೆಗಳನ್ನು ಯಾರೂ ಸಭೆಗೆ ಕರೆದಿರಲಿಲ್ಲ. ಅಳಿವೆ ಗೊತ್ತಿರುವ ನಮ್ಮ ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಳಿವೆಯ ಬಾಯಿ ತೆರೆದಿರಬೇಕಾದರೆ ಉಬ್ಬರದಲ್ಲಿ ಒಳಗೆ ಸಾಕಷ್ಟು ನೀರು ತುಂಬಿ, ಇಳಿತದಲ್ಲಿ ಅದು ರಭಸದಿಂದ ಹೊರಗೆ ಹರಿದು ಮರಳನ್ನು ತಳ್ಳಬೇಕು. 130 ಎಕರೆಯ ಜೌಗಿಗೆ ಆ ಕಸುವು ಹೆಚ್ಚು. 18 ಎಕರೆಗೆ ಅಷ್ಟು ಎಲ್ಲಿಂದ ಬರಬೇಕು? ಬಾಯಿ ಮತ್ತೆ ಮತ್ತೆ ಮುಚ್ಚಿಕೊಂಡಿತು. ನೀರು ನಿಂತರೆ ಒಳಗಿನ ಜೀವಿಗಳು ಸಾಯುತ್ತವೆ, ಆದ್ದರಿಂದ ಯಂತ್ರ ತಂದು ತೋಡಿ ಬಿಡಿಸಬೇಕು. ಮೈದಾನದಿಂದ ಇನ್ನೂ ಒಂದಷ್ಟು ಎಕರೆ ಜೌಗಿಗೆ ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಹುಲ್ಲಿನ ರನ್‌ವೇ ಅರ್ಧ ಉಳಿದಿದ್ದರೂ ಮಾಘನ್‌ನ ಕಥೆ ಹೇಳಬಹುದಿತ್ತು. ಒಪ್ಪದವರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ.

2020ರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಕ್ವಾರ್ಟರ್‌ಮಾಸ್ಟರ್ ರೀಚ್ ಎಂಬ 7 ಎಕರೆಯ ಹೊಸ ಜೌಗು ಸೇರಿತು. ಪೈಪಿನಲ್ಲಿ ಹುಗಿದಿದ್ದ ತೊರೆಯ ಸಿಹಿನೀರು ಈಗ ಬಯಲಲ್ಲಿ ಹರಿದು ಉಪ್ಪುನೀರಿಗೆ ಸೇರುತ್ತದೆ. ದೇಹಕ್ಕೆ ರಕ್ತ ಬಂದಂತಾಯಿತು.

ಇನ್ನೊಂದು ಚರಿತ್ರೆಯ ಸರದಿ ತಡವಾಗಿ ಬಂತು. 1941ರ ನವೆಂಬರಿನಲ್ಲಿ ಇಲ್ಲಿನ ಒಂದು ಹಳೇ ವಿಮಾನ ಶೆಡ್ಡಿನಲ್ಲಿ ಸೈನ್ಯ ಗುಟ್ಟಾಗಿ ಜಪಾನಿ ಭಾಷೆಯ ಶಾಲೆ ತೆರೆದಿತ್ತು. ಅದರ 60 ವಿದ್ಯಾರ್ಥಿಗಳಲ್ಲಿ 58 ಮಂದಿ ಜಪಾನಿ ಮೂಲದ ಅಮೆರಿಕನ್ನರು. ಕೆಲವೇ ತಿಂಗಳಲ್ಲಿ, 1942ರಲ್ಲಿ, ಅದೇ ಪ್ರೆಸಿಡಿಯೋದಿಂದ ಜನರಲ್ ಡಿವಿಟ್‌ನ ಆದೇಶಗಳು ಹೊರಟು ಪಶ್ಚಿಮ ತೀರದ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸಿದವು. ಹುಡುಗರು ಶೆಡ್ಡಿನಲ್ಲಿ ದೇಶಕ್ಕಾಗಿ ಭಾಷೆ ಕಲಿತಿದ್ದರು, ಅವರ ಅಪ್ಪ ಅಮ್ಮಂದಿರು ಮುಳ್ಳುತಂತಿಯ ಒಳಗೆ ಹೋದರು. ಶಾಲೆಯನ್ನೂ ಮಿನ್ನೆಸೋಟಾಕ್ಕೆ ಎತ್ತಿಕೊಂಡು ಹೋಗಬೇಕಾಯಿತು. ಜೌಗು 1999ರಲ್ಲೇ ಬಂತು, ಆ ಶೆಡ್ಡು ದುರಸ್ತಿಯಾಗಿ ಮ್ಯೂಸಿಯಂ ಆಗಿ ತೆರೆದದ್ದು 2013ರಲ್ಲಿ.

ನಾಯಿಯವರ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ಸ್ನೋಯಿ ಪ್ಲವರ್ ಎಂಬ ಅಂಗೈಯಗಲದ ಹಕ್ಕಿ ಇಲ್ಲಿನ ಮರಳಿನಲ್ಲಿ ಚಳಿಗಾಲ ಕಳೆಯುತ್ತದೆ. ನಾಯಿ ಓಡಿಸಿದಾಗಲೆಲ್ಲ ಕೂಡಿಟ್ಟ ಶಕ್ತಿ ಖರ್ಚು. 2016ರಲ್ಲಿ ಇಲಾಖೆ ಬಿಗಿ ನಿಯಮ ತರಲು ಹೊರಟು, 2017ರಲ್ಲಿ ಕೈಬಿಟ್ಟಿತು.

ಮುಂದಿನ ಸಲ ನೆಂಟರನ್ನು ಕರೆದುಕೊಂಡು ಹೋದಾಗ ಫೋಟೋ ಆದಮೇಲೆ ಹಿಂದಕ್ಕೆ ತಿರುಗಿ, ಜೌಗಿನ ಬಾಯಿಯ ಮೇಲಿರುವ ಕಾಲುಸೇತುವೆಗೆ ಬನ್ನಿ. ಇಳಿತದ ಹೊತ್ತು ನೋಡಿಕೊಂಡು ಬಂದರೆ, ಬಾಯಿ ತೆರೆದಿದ್ದರೆ, ಮರಳನ್ನು ಎಳೆದುಕೊಂಡು ನೀರು ಹೊರಗೆ ಓಡುವುದು ಕಾಣುತ್ತದೆ. ಸ್ವೆಟರ್ ಮರೆಯಬೇಡಿ, ಜುಲೈ ಆದರೂ ಸರಿ.