ಬಂದೂಕು ಕೆಳಗಿಟ್ಟು ನೋಟ್‌ಬುಕ್ ಹಿಡಿದವರು

‘ಹಕ್ಕಿ ನೋಡಿದ್ರೆ ಹೊಟ್ಟೆ ತುಂಬುತ್ತಾ?’ ಕಾಲೇಜಿಗೆ ಹೋಗುವ ಹುಡುಗನೊಬ್ಬ ಭಾನುವಾರ ಬೆಳಿಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು ಇದು. ಹುಡುಗಿಯಾದರೆ ಪ್ರಶ್ನೆ ಇನ್ನೂ ಎರಡು ಜಾಸ್ತಿ. ಕೇಳುವವರನ್ನು ದೂರುವಂತಿಲ್ಲ. ವಾಗ್ಳೆ ಎಸ್ಟೇಟ್‌ನಂಥ ಕಡೆ ಬದುಕು ಕಟ್ಟಿಕೊಂಡವರಿಗೆ ಭಾನುವಾರ ಅಂದರೆ ವಾರದ ನಿದ್ದೆ, ಇಲ್ಲವೇ ಓವರ್‌ಟೈಮ್. ಹಕ್ಕಿ ನೋಡುವುದು ದುಡ್ಡಿದ್ದವರ ಶೋಕಿ, ನಮ್ಮಂಥವರದ್ದಲ್ಲ ಅನ್ನುವ ಭಾವನೆ ಬೆಳೆದುಬಿಟ್ಟಿದೆ. ಆದರೆ ಇತಿಹಾಸ ಸ್ವಲ್ಪ ಬೇರೆಯದೇ ಹೇಳುತ್ತದೆ. ಈ ದೇಶದಲ್ಲಿ ಜನ ಗುಂಪಾಗಿ ನಡೆದು, ಹಕ್ಕಿ ನೋಡಿ, ಬರೆದಿಡುವ ರೂಢಿ ಬೆಳೆಸಿದವರಲ್ಲಿ ಮುಖ್ಯರಾದ ಹಲವರು ನಮ್ಮ ಸಮುದಾಯದವರು. ಅದೂ ಇದೇ ಮುಂಬಯಿಯಲ್ಲಿ.

ಮೊದಲು ಊರನ್ನೇ ನೋಡೋಣ. 1962ರ ಆಗಸ್ಟ್ 1ರಂದು ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಕತೆ ವಾಗ್ಳೆ ಎಸ್ಟೇಟ್‌ನಿಂದಲೇ ಶುರುವಾಗುತ್ತದೆ. ಕಾರ್ಖಾನೆಗಳ ನಡುವೆ ರೈಲಾದೇವಿ ಕೆರೆ ಇದೆ. ಪಡುವಣಕ್ಕೆ ಯೇವೂರು ಗುಡ್ಡ, ಅದರಾಚೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಮೂಡಣಕ್ಕೆ ಥಾಣೆಯ ಕೊಲ್ಲಿ. ಇವೆಲ್ಲ ಸಾಲ್ಸೆಟ್ ಎಂಬ ಹಳೆಯ ದ್ವೀಪದ ಭಾಗ. ಮುಂಬಯಿ ಮತ್ತು ಸಾಲ್ಸೆಟ್‌ನ ಹಕ್ಕಿಗಳ ಬಗ್ಗೆ 1941ರಲ್ಲಿ ಒಂದು ಪುಸ್ತಕ ಬಂತು. ಬರೆದವರು ಸಲೀಂ ಅಲಿ ಮತ್ತು ಹುಮಾಯೂನ್ ಅಬ್ದುಲಾಲಿ. ಅಂದರೆ ಇಲ್ಲಿ ಕೈಗಾರಿಕಾ ನಿಗಮ ಬರುವುದಕ್ಕೆ ಎರಡು ದಶಕ ಮೊದಲೇ ಈ ಸೀಮೆಯ ಹಕ್ಕಿಗಳ ಲೆಕ್ಕ ಬರೆದಿಟ್ಟಾಗಿತ್ತು.

ಆ ಕಾಲಕ್ಕೆ ಹಕ್ಕಿಯ ಅಧ್ಯಯನ ಅಂದರೆ ಬಂದೂಕು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿ ಡ್ರಾಯರಿನಲ್ಲಿಟ್ಟರೆ ಮಾತ್ರ ಅದು ವಿಜ್ಞಾನ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಬೆಳೆದದ್ದು ಹೀಗೆ. ಇದಕ್ಕೂ ಹಿಂದೆ ಹೋದರೆ ಮೊಗಲ್ ದೊರೆ ಜಹಾಂಗೀರ್ ಸಿಗುತ್ತಾನೆ. ಅವನು ದೊಡ್ಡ ಬೇಟೆಗಾರ. ಆದರೆ ತಾನು ಸಾಕಿದ ಸಾರಸ ಜೋಡಿಗೆ ಲೈಲಾ, ಮಜ್ನೂ ಎಂದು ಹೆಸರಿಟ್ಟು, ಅವು ಮೊಟ್ಟೆಯಿಟ್ಟು ಸರದಿಯಲ್ಲಿ ಕಾವು ಕೂತದ್ದನ್ನು ತನ್ನ ನೆನಪಿನ ಗ್ರಂಥದಲ್ಲಿ ಬರೆದಿಟ್ಟವನೂ ಅವನೇ. ಮೊಗಲರ ಈ ನಿಸರ್ಗಪ್ರೀತಿಯ ಬಗ್ಗೆ 1920ರ ದಶಕದಲ್ಲೇ ಸೊಸೈಟಿಯ ಜರ್ನಲ್‌ನಲ್ಲಿ ಲೇಖನ ಬರೆದವರು ಯುವಕ ಸಲೀಂ ಅಲಿ. ಬೇಟೆಯೂ ಬರಹವೂ ಒಂದೇ ಕೈಯಲ್ಲಿದ್ದ ಪರಂಪರೆ ಅದು. ಅದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ನಿಧಾನವಾಗಿ ತೀರ್ಮಾನವಾಯಿತು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೊಹರಾ ಕುಟುಂಬದಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಏರ್‌ಗನ್‌ನಲ್ಲಿ ಗುಬ್ಬಿ ಹೊಡೆಯುವುದು ಆ ಹುಡುಗನಿಗೆ ಆಟ. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಮುಸಲ್ಮಾನನಾದವನು ಇದನ್ನು ತಿನ್ನಬಹುದೋ ಇಲ್ಲವೋ? ಹುಡುಗನಿಗೆ ಅನುಮಾನ ಬಂದು ಮಾವನ ಹತ್ತಿರ ಒಯ್ದ. ಮಾವನಿಗೂ ಗೊತ್ತಿರಲಿಲ್ಲ. ಅವರು ಅವನನ್ನು ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೂರಾರು ಹಕ್ಕಿಗಳನ್ನು ತೋರಿಸಿದರು. ಹಲಾಲೋ ಹರಾಮೋ ಎಂದು ಕೇಳಹೋದ ಹುಡುಗನಿಗೆ ಸಿಕ್ಕಿದ್ದು ಇಡೀ ಬದುಕಿನ ದಾರಿ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಅಂದು ಗೊತ್ತಿದ್ದವರ ಬಳಿ ಕಳಿಸಿದ ಆ ಮಾವನನ್ನೂ ನಾವು ನೆನೆಯಬೇಕು.

ಮುಂದಿನ ದಾರಿ ಸಲೀಸಾಗಿರಲಿಲ್ಲ. ಬರ್ಮಾದಲ್ಲಿ ಮಾಡಿದ ವ್ಯಾಪಾರ ಕೈಹಿಡಿಯಲಿಲ್ಲ. ಮರಳಿ ಬಂದ ಮೇಲೆ ವಾಣಿಜ್ಯದ ಓದಿನ ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಅವರ ಒತ್ತಾಸೆಯಿಂದ ಪ್ರಾಣಿಶಾಸ್ತ್ರ ಕಲಿತರು. ಆದರೆ ವಿಶ್ವವಿದ್ಯಾಲಯದ ಪದವಿ ಪಡೆಯಲಿಲ್ಲ. ಪದವಿ ಇಲ್ಲ ಎಂಬ ಕಾರಣಕ್ಕೆ ಸರ್ಕಾರಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಹುದ್ದೆ ತಪ್ಪಿತು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆದರು. ಬಂದವರನ್ನು ಸುತ್ತಾಡಿಸಿ, ಇದು ಏನು, ಅದು ಏನು ಎಂದು ವಿವರಿಸುವ ಕೆಲಸ. ಮುಂದೆ ಬಯಲಿನಲ್ಲಿ ನಡೆದ ಹಕ್ಕಿ ನಡಿಗೆಗಳಲ್ಲಿ ಇರುವುದೂ ಇದೇ ತಾನೇ? ಗೊತ್ತಿರುವ ಒಬ್ಬರು, ಸುತ್ತ ಕೇಳುವ ಹತ್ತು ಮಂದಿ.

ಬರ್ಲಿನ್‌ನಲ್ಲಿ ಸ್ಟ್ರೆಸ್ಮನ್ ಅವರ ಬಳಿ ತರಬೇತಿ ಮುಗಿಸಿ 1930ರಲ್ಲಿ ವಾಪಸಾದಾಗ ಆ ಹುದ್ದೆಯೂ ಇರಲಿಲ್ಲ, ದುಡ್ಡಿಲ್ಲವೆಂದು ರದ್ದಾಗಿತ್ತು. ಪತ್ನಿ ತಹ್ಮೀನಾ ಜೊತೆ ಕೊಲ್ಲಿಯಾಚೆಯ ಕಿಹಿಮ್ ಎಂಬ ಕರಾವಳಿ ಹಳ್ಳಿಗೆ ಹೋದರು. ಅಲ್ಲಿ ದಿನವೂ ಗೀಜಗಗಳನ್ನು ನೋಡುತ್ತಾ ಕೂತರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಪ್ಪಿದರೆ ಪೂರ್ತಿ ಮಾಡುತ್ತದೆ. ಆಮೇಲೆ ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗೆ ಹೊರಡುತ್ತದೆ. ಇದನ್ನು ಕಂಡುಹಿಡಿಯಲು ಬಂದೂಕು ಬೇಕಾಗಲಿಲ್ಲ. ಸತ್ತ ಹಕ್ಕಿ ಈ ಸುದ್ದಿ ಹೇಳುತ್ತಲೂ ಇರಲಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ನೋಡಿದ್ದನ್ನು ಅವತ್ತೇ ಬರೆಯಬೇಕು. ಕೆಲಸ ಕಳಕೊಂಡ ಮನುಷ್ಯ ಕಲಿತ ಪಾಠ ಅದು.

ಕನ್ನಡನಾಡಿಗೂ ಅವರ ಋಣವಿದೆ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಪತ್ನಿ ತೀರಿಕೊಂಡ ವರ್ಷವೂ 1939. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು ಅರಸರ ಮನವೊಲಿಸಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ಸಮೀಕ್ಷೆಗಳಲ್ಲಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುವುದೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಲಿಲ್ಲ.

1941ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂತು. ಬಣ್ಣದ ಚಿತ್ರ, ಸರಳ ವಿವರ. ಹಕ್ಕಿಯನ್ನು ಕೊಲ್ಲದೆ, ದೂರದಿಂದಲೇ ಹೆಸರು ಹಿಡಿಯುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಸಲೀಂ ಅಲಿಯವರ ಬಂಧು ಹುಮಾಯೂನ್ ಅಬ್ದುಲಾಲಿ ಇನ್ನೊಂದು ದಿಕ್ಕಿನಿಂದ ಕೆಲಸ ಮಾಡಿದರು. ಬಾಂಬೆ ರಾಜ್ಯದ 1951ರ ವನ್ಯಪ್ರಾಣಿ ಮತ್ತು ಪಕ್ಷಿ ಸಂರಕ್ಷಣಾ ಕಾಯ್ದೆಯ ಕರಡು ತಯಾರಿಕೆಯಲ್ಲಿ ಅವರದು ಮುಖ್ಯ ಪಾತ್ರ. ಪುಸ್ತಕ ಕಣ್ಣು ಕೊಟ್ಟಿತು, ಕಾನೂನು ಕೈ ಕಟ್ಟಿತು.

ಒಂಟಿ ಹವ್ಯಾಸಿಗಳನ್ನು ಒಂದುಗೂಡಿಸುವ ಕೆಲಸ ಮಾಡಿದವರು ಝಫರ್ ಫತೇಹಲ್ಲಿ. 1960ರ ಹೊತ್ತಿಗೆ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಪುಟ್ಟ ಪತ್ರಿಕೆ ಶುರುಮಾಡಿ ದಶಕಗಳ ಕಾಲ ನಡೆಸಿದರು. ದೊಡ್ಡ ವಿದ್ವಾಂಸರೇ ಬರೆಯಬೇಕು ಅಂತಿರಲಿಲ್ಲ. ಮನೆ ಹಿತ್ತಲಲ್ಲಿ ಕಂಡದ್ದನ್ನೂ ಬರೆಯಬಹುದಿತ್ತು. ಬಿಹಾರದ ಜಮಾಲ್ ಆರಾ ಅದರಲ್ಲಿ ಬರೆದವರು. ಹೆಚ್ಚು ಶಾಲೆ ಓದದ ಆ ಹೆಣ್ಣುಮಗಳು ಮಕ್ಕಳಿಗಾಗಿ ಬರೆದ ‘ವಾಚಿಂಗ್ ಬರ್ಡ್ಸ್’ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಝಫರ್ ಅವರ ಪತ್ನಿ ಲಯೀಕ್, ಸಲೀಂ ಅಲಿಯವರ ಜೊತೆ ಸೇರಿ ಬರೆದ ‘ಕಾಮನ್ ಬರ್ಡ್ಸ್’ ಅದೇ ಟ್ರಸ್ಟಿನಿಂದ 1967ರಲ್ಲಿ ಬಂದಿತ್ತು. ಹಕ್ಕಿ ನೋಡುವುದು ಹೆಣ್ಣುಮಕ್ಕಳಿಗಲ್ಲ ಅನ್ನುವವರಿಗೆ ಈ ಎರಡು ಹೆಸರು ಸಾಕು.

1972ರಲ್ಲಿ ಡಾ. ಜೋಸೆಫ್ ಜಾರ್ಜ್ ಬೆಂಗಳೂರಿನಲ್ಲಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಕಟ್ಟಿದರು. ಮರುವರ್ಷ ಝಫರ್ ಕೂಡ ಬೆಂಗಳೂರಿಗೆ ಬಂದು ನೆಲೆಸಿದರು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ರೂಢಿ ಆ ಕ್ಲಬ್ಬಿನದು. ಸದಸ್ಯತ್ವದ ಕಿರಿಕಿರಿ ಇಲ್ಲ, ಯಾರು ಬೇಕಾದರೂ ಬರಬಹುದು. ಜಾರ್ಜ್ ಅವರಿಗೆ ಈ ಅಭ್ಯಾಸ ಬೆಳೆದದ್ದು ಒಂದು ಕ್ಯಾಂಪಸ್‌ನಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಆ ಆವರಣದ ಹಕ್ಕಿಗಳ ಪಟ್ಟಿಯನ್ನು 1950ರ ದಶಕದಲ್ಲೇ ಅವರು ಪ್ರಕಟಿಸಿದ್ದರು.

ಕ್ಯಾಂಪಸ್ಸೇ ಯಾಕೆ? ಅಲ್ಲಿ ಹಳೆಯ ಮರಗಳಿರುತ್ತವೆ, ಗೇಟು ಕಾಂಪೌಂಡು ಇರುತ್ತವೆ, ಕವಣೆ ಹಿಡಿದು ಯಾರೂ ಒಳಗೆ ಬರುವುದಿಲ್ಲ. ಹುಡುಗಿಯರು ನಿರ್ಭಯವಾಗಿ ನಡೆಯಬಹುದು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ದಾರಿ ಮಾತ್ರ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಮಂಗಳೂರಿನ ಕೊಣಾಜೆ ಹೀಗೆ ಹಸಿರು ಉಳಿಸಿಕೊಂಡ ಎಷ್ಟೋ ಆವರಣಗಳು ಕನ್ನಡನಾಡಿನಲ್ಲಿವೆ. 1973ರಲ್ಲಿ ವಿಜ್ಞಾನ ಸಂಸ್ಥೆ ಸೇರಿದ ಮಾಧವ ಗಾಡ್ಗೀಳರು ಸಲೀಂ ಅಲಿಯವರ ಜೊತೆ ಸೇರಿ, ಹಕ್ಕಿಗಳು ರಾತ್ರಿ ಗುಂಪಾಗಿ ತಂಗುವ ಪರಿಯ ಬಗ್ಗೆ ಪ್ರಬಂಧ ಬರೆದರು.

ನಡಿಗೆಯ ಕ್ರಮ ಬಹಳ ಸರಳ. ಬೆಳಕು ಹರಿಯುವ ಹೊತ್ತಿಗೆ ಸೇರಬೇಕು. ಫಜ್ರ್ ನಮಾಝ್ ಮುಗಿಸಿ ಹೊರಟರೆ ಸರಿಯಾದ ಸಮಯ. ಬಣ್ಣಬಣ್ಣದ ಬಟ್ಟೆ ಬೇಡ, ಗಟ್ಟಿ ಮಾತು ಬೇಡ. ಕಿವಿಯೇ ಮೊದಲ ದುರ್ಬೀನು: ಕುಟ್ರುಹಕ್ಕಿಯ ಕುಟುರ್ ಕುಟುರ್, ಮಡಿವಾಳದ ಸಿಳ್ಳೆ, ಪಿಕಳಾರದ ಹರಟೆ. ಒಬ್ಬರು ತೋರಿಸುತ್ತಾರೆ, ಒಬ್ಬರು ಎಣಿಸುತ್ತಾರೆ, ಒಬ್ಬರು ಬರೆಯುತ್ತಾರೆ. ತಾರೀಕು, ಹೊತ್ತು, ಜಾಗ, ಹಕ್ಕಿ, ಎಷ್ಟು. ಕಾಗೆಯನ್ನೂ ಬಿಡುವಂತಿಲ್ಲ. ಗುಂಪಿನಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುತ್ತಾನೆ, ಹಾಗಾಗಿ ಪಟ್ಟಿಗೆ ನಂಬಿಕೆ ಬರುತ್ತದೆ. ಈಗ ಈ ಪಟ್ಟಿಗಳು ಇ-ಬರ್ಡ್ ಎಂಬ ಜಾಲತಾಣ ಸೇರುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಕ್ಕಿ ಗಣತಿಯ ಅಂಗವಾಗಿ ನಮ್ಮ ದೇಶದ ಕಾಲೇಜುಗಳಲ್ಲಿ ಕ್ಯಾಂಪಸ್ ಹಕ್ಕಿ ಗಣತಿ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿ ಬರೆದರೆ ಅದೂ ಲೆಕ್ಕಕ್ಕೆ.

ಈ ಲೆಕ್ಕದಿಂದ ಏನಾಯಿತು? 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯನ್ನು ಅಳೆಯಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿಮುಖವಾಗಿವೆ. ಇದು ಆತಂಕದ ಸುದ್ದಿ. ಇದನ್ನು ಹೇಳಲು ಸಾಧ್ಯವಾದದ್ದು 30 ಸಾವಿರಕ್ಕೂ ಮಿಕ್ಕ ಹವ್ಯಾಸಿಗಳು ಬರೆದಿಟ್ಟದ್ದರಿಂದ. ಬರೆದಿಡದಿದ್ದರೆ ಹಕ್ಕಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಸಲೀಂ ಅಲಿ ನಮ್ಮವರು’ ಎಂದು ವರ್ಷಕ್ಕೊಮ್ಮೆ ಹೇಳಿ ಚಪ್ಪಾಳೆ ತಟ್ಟುವುದು ಸುಲಭ. ತೋರಿಕೆಯ ಪ್ರಾರ್ಥನೆಯ ಬಗ್ಗೆ ತಮಗಿದ್ದ ಬೇಸರವನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಅವರನ್ನು ಧಾರ್ಮಿಕ ನಾಯಕನನ್ನಾಗಿ ಮಾಡಿಕೊಳ್ಳಲು ಬರುವುದಿಲ್ಲ, ಮಾಡಿಕೊಳ್ಳಬೇಕಾಗಿಯೂ ಇಲ್ಲ. ಅವರ ಜೊತೆ ಮಿಲ್ಲಾರ್ಡ್, ಬ್ಲಾಟರ್, ಜಾರ್ಜ್, ಗಾಡ್ಗೀಳ್ ಎಲ್ಲರೂ ಇದ್ದರು. ಆಸ್ತಿ ಇರುವುದು ಹೆಸರಿನಲ್ಲಲ್ಲ, ಅಭ್ಯಾಸದಲ್ಲಿ. ಹಕ್ಕಿಗಳೂ ನಮ್ಮ ಹಾಗೆಯೇ ಸಮುದಾಯಗಳು ಎಂಬ ಅರಿವನ್ನು ಕುರ್‌ಆನಿನ ಅನ್‌ಆಮ್ ಅಧ್ಯಾಯ ನಮಗೆ ಕೊಟ್ಟಿದೆ. ಸುಲೈಮಾನ್ ನಬಿಯವರಿಗೆ ಸುದ್ದಿ ತಂದದ್ದು ಚಂದ್ರಮುಕುಟ, ಅಂದರೆ ಹುದ್‌ಹುದ್. ಇಷ್ಟು ಓದಿ ಬೆಳೆದವರು ಅಂಗಳದ ಹಕ್ಕಿಯ ಹೆಸರೇ ತಿಳಿಯದೆ ಇದ್ದರೆ ಹೇಗೆ?

ಥಾಣೆಯ ಕೊಲ್ಲಿಯನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಸುಮಾರು 1,690 ಹೆಕ್ಟೇರ್. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಚೆಂದಣಿ ಬಂದರ್ ರಸ್ತೆಯ ವಿದ್ಯಾ ಪ್ರಸಾರಕ ಮಂಡಳದ ಕಾಲೇಜುಗಳು ಆ ಕೊಲ್ಲಿಯ ಅಂಚಿನಲ್ಲೇ ಇವೆ. ನವೆಂಬರ್ 5ರಿಂದ 12ರವರೆಗೆ ಮಹಾರಾಷ್ಟ್ರದಲ್ಲಿ ಪಕ್ಷಿ ಸಪ್ತಾಹ. ಶುರು ಮಾರುತಿ ಚಿತಂಪಲ್ಲಿಯವರ ಹುಟ್ಟುಹಬ್ಬದಂದು, ಕೊನೆ ಸಲೀಂ ಅಲಿಯವರ ಹುಟ್ಟುಹಬ್ಬದಂದು. ದೂರದ ಕಾಡಿಗೆ ಹೋಗಬೇಕಿಲ್ಲ, ದುಬಾರಿ ಕ್ಯಾಮೆರಾ ಬೇಕಿಲ್ಲ. ನಿಮ್ಮ ಕಾಲೇಜಿನ ಆವರಣ, ನಾಲ್ಕು ಸ್ನೇಹಿತರು, ಹತ್ತಿಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್.

ಹಕ್ಕಿ ನೋಡಿದ್ರೆ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ನಾವಿರುವ ಜಾಗದಲ್ಲಿ ಏನಿತ್ತು, ಏನು ಹೋಯಿತು ಎಂದು ನಾಳೆ ಯಾರಾದರೂ ಕೇಳಿದರೆ ತಾರೀಕಿನ ಸಮೇತ ಹೇಳಬಲ್ಲ ಸಾಕ್ಷಿಗಳು ಬೇಕು. ಮುಂದಿನ ಭಾನುವಾರ ಅಂಥ ಸಾಕ್ಷಿಯಾಗಿ ಮಗಳೋ ಮಗನೋ ಹೊರಟರೆ, ತಡೆಯುವ ಮೊದಲು ಒಂದು ಲೋಟ ಚಹಾ ಮಾಡಿಕೊಡಿ.