ಕಂಪನಿಗಳ ಲೆಕ್ಕ ಪರಿಶೋಧಕರ ನೇಮಕ ಹಾಗೂ ಸಂಭಾವನೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಕಂಪನಿಯ ವ್ಯವಹಾರವನ್ನು ನಡೆಸುವವರು ನಿರ್ದೇಶಕರು. ಬಂಡವಾಳ ಹೂಡಿದವರು ಸದಸ್ಯರು. ನಿರ್ದೇಶಕರು ಸಿದ್ಧಪಡಿಸಿದ ಲೆಕ್ಕಪತ್ರಗಳು ಕಂಪನಿಯ ನೈಜ ಸ್ಥಿತಿಯನ್ನು ತೋರಿಸುತ್ತವೆಯೇ ಎಂಬುದನ್ನು ಪರಿಶೀಲಿಸಿ ಸದಸ್ಯರಿಗೆ ವರದಿ ಸಲ್ಲಿಸುವ ಹೊಣೆ ಲೆಕ್ಕ ಪರಿಶೋಧಕರದು. ಆದುದರಿಂದ ಅವರನ್ನು ನೇಮಿಸುವ ಹಾಗೂ ಅವರ ಸಂಭಾವನೆಯನ್ನು ನಿಗದಿಪಡಿಸುವ ಅಧಿಕಾರವನ್ನು ಕಾನೂನು ಮುಖ್ಯವಾಗಿ ಸದಸ್ಯರ ಸಭೆಗೆ ನೀಡಿದೆ.

ಈ ವಿಷಯವು ಕಂಪನಿಗಳ ಅಧಿನಿಯಮ, 2013ರ ಪ್ರಕರಣ 139ರಿಂದ 148ರವರೆಗಿನ ಉಪಬಂಧಗಳಿಗೆ ಹಾಗೂ ಕಂಪನಿಗಳ (ಲೆಕ್ಕ ಪರಿಶೋಧನೆ ಮತ್ತು ಲೆಕ್ಕ ಪರಿಶೋಧಕರು) ನಿಯಮಗಳು, 2014ಕ್ಕೆ ಒಳಪಟ್ಟಿರುತ್ತದೆ. 1956ರ ಅಧಿನಿಯಮದಲ್ಲಿ ನೇಮಕವು ವರ್ಷದಿಂದ ವರ್ಷಕ್ಕೆ ನಡೆಯುತ್ತಿತ್ತು. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರಗಳಲ್ಲಿ ಸುಳ್ಳು ಮೊತ್ತಗಳನ್ನು ತೋರಿಸಲಾಗಿತ್ತೆಂದು ಒಪ್ಪಿಕೊಂಡ ನಂತರ, ಲೆಕ್ಕ ಪರಿಶೋಧಕರ ಸ್ವಾತಂತ್ರ್ಯದ ಪ್ರಶ್ನೆ ದೇಶದಾದ್ಯಂತ ಚರ್ಚೆಗೆ ಬಂದಿತು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಉಪಬಂಧಗಳಲ್ಲಿ ಐದು ವರ್ಷಗಳ ಅವಧಿ, ಕಡ್ಡಾಯ ಬದಲಾವಣೆ ಹಾಗೂ ನಿಷೇಧಿತ ಸೇವೆಗಳ ಪಟ್ಟಿಯನ್ನು ಸೇರಿಸಲಾಗಿದೆ.

1. ಯಾರಿಗೆ ಅನ್ವಯ

ನೋಂದಣಿಯಾದ ಪ್ರತಿಯೊಂದು ಕಂಪನಿಗೂ ಲೆಕ್ಕ ಪರಿಶೋಧನೆ ಕಡ್ಡಾಯ. ಬಂಡವಾಳ ಕಡಿಮೆ ಇರುವುದಾಗಲಿ, ವರ್ಷದಲ್ಲಿ ವಹಿವಾಟು ನಡೆಯದಿರುವುದಾಗಲಿ ವಿನಾಯಿತಿಗೆ ಕಾರಣವಾಗುವುದಿಲ್ಲ. ಏಕ ವ್ಯಕ್ತಿ ಕಂಪನಿಯೂ ಲೆಕ್ಕ ಪರಿಶೋಧಕರನ್ನು ನೇಮಿಸತಕ್ಕದ್ದು. ಅಂತಹ ಕಂಪನಿಯು ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕಾಗಿಲ್ಲವಾದ್ದರಿಂದ, ಏಕೈಕ ಸದಸ್ಯರು ನಿರ್ಣಯವನ್ನು ಕಂಪನಿಗೆ ತಿಳಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ, ದಿನಾಂಕ ಸಹಿತ ಸಹಿ ಮಾಡಿದರೆ ಸಾಕು.

ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳು ಬೇರೆ ಕಾನೂನಿಗೆ ಒಳಪಟ್ಟಿವೆ. ಅವುಗಳ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನು ಅಥವಾ ಪಾಲುದಾರರ ವಂತಿಗೆ 25 ಲಕ್ಷ ರೂಪಾಯಿಗಳನ್ನು ಮೀರಿದಾಗ ಲೆಕ್ಕ ಪರಿಶೋಧನೆ ಕಡ್ಡಾಯವಾಗುತ್ತದೆ. ಕರ್ನಾಟಕದ ಸಹಕಾರ ಸಂಘಗಳಿಗೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959 ಅನ್ವಯಿಸುತ್ತದೆ.

2. ಅರ್ಹತೆ ಮತ್ತು ಅನರ್ಹತೆ

ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ವ್ಯಕ್ತಿಯನ್ನು, ಅಥವಾ ಭಾರತದಲ್ಲಿ ವೃತ್ತಿನಿರತರಾದ ಪಾಲುದಾರರಲ್ಲಿ ಬಹುಸಂಖ್ಯಾತರು ಅರ್ಹತೆ ಹೊಂದಿರುವ ಸಂಸ್ಥೆಯನ್ನು ನೇಮಿಸಬಹುದು. ಸಂಸ್ಥೆಯ ಪರವಾಗಿ ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ಪಾಲುದಾರರು ಮಾತ್ರ ಸಹಿ ಮಾಡತಕ್ಕದ್ದು.

ಕೆಳಕಂಡವರು ನೇಮಕಕ್ಕೆ ಅನರ್ಹರು:

ಅ) ಕಂಪನಿಯ ಅಧಿಕಾರಿ ಅಥವಾ ನೌಕರರು, ಹಾಗೂ ಅಂತಹವರ ಪಾಲುದಾರರು ಅಥವಾ ನೌಕರರು;
ಆ) ಕಂಪನಿಯಲ್ಲಿ ಷೇರು ಮುಂತಾದ ಭದ್ರತಾ ಪತ್ರಗಳನ್ನು ಹೊಂದಿರುವವರು (ಸಂಬಂಧಿಕರು 1 ಲಕ್ಷ ರೂಪಾಯಿ ಮುಖಬೆಲೆಯವರೆಗೆ ಹೊಂದಿರಬಹುದು);
ಇ) ಕಂಪನಿಗೆ 5 ಲಕ್ಷ ರೂಪಾಯಿಗಳಿಗೆ ಮೀರಿ ಸಾಲ ಬಾಕಿ ಇರುವವರು;
ಈ) ತಮ್ಮ ಸಂಬಂಧಿಕರು ಕಂಪನಿಯ ನಿರ್ದೇಶಕರು ಅಥವಾ ಪ್ರಮುಖ ಆಡಳಿತ ಸಿಬ್ಬಂದಿಯಾಗಿರುವವರು;
ಉ) ಬೇರೆಡೆ ಪೂರ್ಣಾವಧಿ ಉದ್ಯೋಗದಲ್ಲಿರುವವರು;
ಊ) ವಂಚನೆಯ ಅಪರಾಧದಲ್ಲಿ ಶಿಕ್ಷೆಗೆ ಗುರಿಯಾಗಿ ಹತ್ತು ವರ್ಷಗಳು ಕಳೆಯದಿರುವವರು.

ನೇಮಕದ ನಂತರ ಇಂತಹ ಅನರ್ಹತೆ ಉಂಟಾದಲ್ಲಿ ಸದರಿ ಲೆಕ್ಕ ಪರಿಶೋಧಕರು ಸ್ಥಾನವನ್ನು ತೆರವು ಮಾಡತಕ್ಕದ್ದು. ನಿರ್ದೇಶಕರ ನಿಕಟ ಸಂಬಂಧಿಯೊಬ್ಬರು ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರೆ ಅವರನ್ನೇ ನೇಮಿಸಿಕೊಳ್ಳುವುದು ಅನುಕೂಲವೆಂದು ಕುಟುಂಬದ ಕಂಪನಿಗಳು ಭಾವಿಸುವುದುಂಟು. ಇಂತಹ ನೇಮಕವನ್ನು ಕಾನೂನು ಮಾನ್ಯ ಮಾಡುವುದಿಲ್ಲ.

3. ಮೊದಲ ಲೆಕ್ಕ ಪರಿಶೋಧಕರು

ಕಂಪನಿ ನೋಂದಣಿಯಾದ ದಿನಾಂಕದಿಂದ 30 ದಿನಗಳೊಳಗೆ ನಿರ್ದೇಶಕರ ಮಂಡಳಿಯು ಮೊದಲ ಲೆಕ್ಕ ಪರಿಶೋಧಕರನ್ನು ನೇಮಿಸತಕ್ಕದ್ದು. ಮಂಡಳಿಯು ವಿಫಲವಾದಲ್ಲಿ ಆ ವಿಷಯವನ್ನು ಸದಸ್ಯರಿಗೆ ತಿಳಿಸಬೇಕು. ಸದಸ್ಯರು 90 ದಿನಗಳೊಳಗೆ ಅಸಾಧಾರಣ ಸಾಮಾನ್ಯ ಸಭೆಯಲ್ಲಿ ನೇಮಕ ಮಾಡಬೇಕು. ಹೀಗೆ ನೇಮಕಗೊಂಡವರು ಮೊದಲ ವಾರ್ಷಿಕ ಸಾಮಾನ್ಯ ಸಭೆ ಮುಕ್ತಾಯವಾಗುವವರೆಗೆ ಅಧಿಕಾರದಲ್ಲಿರುತ್ತಾರೆ.

4. ಸಾಮಾನ್ಯ ಸಭೆಯಲ್ಲಿ ನೇಮಕ ಮತ್ತು ಅವಧಿ

ಮೊದಲ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ನೇಮಕಗೊಂಡ ಲೆಕ್ಕ ಪರಿಶೋಧಕರು ಆರನೆಯ ವಾರ್ಷಿಕ ಸಾಮಾನ್ಯ ಸಭೆಯ ಮುಕ್ತಾಯದವರೆಗೆ ಮುಂದುವರಿಯುತ್ತಾರೆ. ನೇಮಕ ನಡೆದ ಸಭೆಯನ್ನೇ ಮೊದಲನೆಯ ಸಭೆಯೆಂದು ಎಣಿಸಲಾಗುತ್ತದೆ. ಪ್ರತಿ ವರ್ಷ ಸದಸ್ಯರು ನೇಮಕವನ್ನು ಅನುಮೋದಿಸಬೇಕೆಂಬ ನಿಬಂಧನೆಯನ್ನು 2018ರ ಮೇ 7ರಿಂದ ಕೈಬಿಡಲಾಗಿದೆ.

ಉದಾಹರಣೆ: ಒಂದು ಖಾಸಗಿ ಕಂಪನಿಯು 2024ರ ಜೂನ್ 10ರಂದು ನೋಂದಣಿಯಾಯಿತು ಎಂದು ಭಾವಿಸೋಣ. ಮಂಡಳಿಯು ಜುಲೈ 10ರೊಳಗೆ ಮೊದಲ ಲೆಕ್ಕ ಪರಿಶೋಧಕರನ್ನು ನೇಮಿಸಬೇಕು. ಮೊದಲ ಆರ್ಥಿಕ ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಒಂಬತ್ತು ತಿಂಗಳೊಳಗೆ, ಅಂದರೆ 2025ರ ಡಿಸೆಂಬರ್ 31ರೊಳಗೆ, ಮೊದಲ ವಾರ್ಷಿಕ ಸಾಮಾನ್ಯ ಸಭೆ ನಡೆಯಬೇಕು. ಸಭೆ ಸೆಪ್ಟೆಂಬರ್ 20ರಂದು ನಡೆದರೆ, ನೇಮಕದ ಸೂಚನೆಯನ್ನು ಅಕ್ಟೋಬರ್ 5ರೊಳಗೆ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸಬೇಕು. ಆ ಸಭೆಯಲ್ಲಿ ನೇಮಕಗೊಂಡವರು 2030ರ ವಾರ್ಷಿಕ ಸಾಮಾನ್ಯ ಸಭೆಯ ಮುಕ್ತಾಯದವರೆಗೆ ಇದ್ದು, 2025-26ರಿಂದ 2029-30ರವರೆಗಿನ ಐದು ವರ್ಷಗಳ ಲೆಕ್ಕ ಪರಿಶೋಧನೆ ನಡೆಸುತ್ತಾರೆ.

ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಯಾರನ್ನೂ ನೇಮಿಸದಿದ್ದಲ್ಲಿ ಅಥವಾ ಮರುನೇಮಿಸದಿದ್ದಲ್ಲಿ, ಹಾಲಿ ಲೆಕ್ಕ ಪರಿಶೋಧಕರೇ ಮುಂದುವರಿಯುತ್ತಾರೆ.

5. ಕಡ್ಡಾಯ ಬದಲಾವಣೆ

ಕೆಳಕಂಡ ಕಂಪನಿಗಳಲ್ಲಿ ಒಬ್ಬ ವ್ಯಕ್ತಿಯು ಐದು ವರ್ಷಗಳ ಒಂದು ಅವಧಿಗಿಂತ ಹೆಚ್ಚು, ಒಂದು ಸಂಸ್ಥೆಯು ಐದು ವರ್ಷಗಳ ಎರಡು ಅವಧಿಗಳಿಗಿಂತ ಹೆಚ್ಚು ಮುಂದುವರಿಯುವಂತಿಲ್ಲ. ಅನಂತರ ಅದೇ ಕಂಪನಿಯಲ್ಲಿ ಮರುನೇಮಕಕ್ಕೆ ಐದು ವರ್ಷಗಳ ಅಂತರ ಇರತಕ್ಕದ್ದು.

ಅ) ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು;
ಆ) ಪಾವತಿಯಾದ ಷೇರು ಬಂಡವಾಳ 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಇತರ ಸಾರ್ವಜನಿಕ ಕಂಪನಿಗಳು;
ಇ) ಪಾವತಿಯಾದ ಷೇರು ಬಂಡವಾಳ 50 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಖಾಸಗಿ ಕಂಪನಿಗಳು;
ಈ) ಬಂಡವಾಳ ಈ ಮಿತಿಗಿಂತ ಕಡಿಮೆ ಇದ್ದರೂ, ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲ ಅಥವಾ ಸಾರ್ವಜನಿಕ ಠೇವಣಿ 50 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಗಳು.

ಏಕ ವ್ಯಕ್ತಿ ಕಂಪನಿಗಳಿಗೆ ಹಾಗೂ ಸಣ್ಣ ಕಂಪನಿಗಳಿಗೆ ಈ ನಿಬಂಧನೆ ಅನ್ವಯಿಸುವುದಿಲ್ಲ.

6. ಸರ್ಕಾರಿ ಕಂಪನಿಗಳು

ಕೇಂದ್ರ ಅಥವಾ ರಾಜ್ಯ ಸರ್ಕಾರವು ಶೇಕಡ 51ಕ್ಕೆ ಕಡಿಮೆಯಿಲ್ಲದಷ್ಟು ಬಂಡವಾಳ ಹೊಂದಿರುವ ಕಂಪನಿಗಳಲ್ಲಿ, ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು ಆರ್ಥಿಕ ವರ್ಷ ಆರಂಭವಾದ 180 ದಿನಗಳೊಳಗೆ ನೇಮಕ ಮಾಡುತ್ತಾರೆ. ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್, ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಇಂತಹ ಕಂಪನಿಯ ಮೊದಲ ಲೆಕ್ಕ ಪರಿಶೋಧಕರನ್ನು ನೋಂದಣಿಯಾದ 60 ದಿನಗಳೊಳಗೆ ನೇಮಿಸಲಾಗುತ್ತದೆ. ಪರಿಶೋಧನಾ ವರದಿ ತಲುಪಿದ 60 ದಿನಗಳೊಳಗೆ ಪೂರಕ ಪರಿಶೋಧನೆ ನಡೆಸುವ ಅಧಿಕಾರವೂ ಸದರಿ ಪ್ರಾಧಿಕಾರಕ್ಕಿದೆ.

7. ಸಂಭಾವನೆ

ಪ್ರಕರಣ 142ರ ಪ್ರಕಾರ ಸಂಭಾವನೆಯನ್ನು ಸಾಮಾನ್ಯ ಸಭೆಯಲ್ಲಿ, ಅಥವಾ ಸಭೆಯು ತೀರ್ಮಾನಿಸಿದ ರೀತಿಯಲ್ಲಿ ನಿಗದಿಪಡಿಸತಕ್ಕದ್ದು. ಸಭೆಯು ಈ ಅಧಿಕಾರವನ್ನು ನಿರ್ಣಯದ ಮೂಲಕ ಮಂಡಳಿಗೆ ವಹಿಸಬಹುದು. ಮಂಡಳಿಯು ನೇಮಿಸಿದ ಮೊದಲ ಲೆಕ್ಕ ಪರಿಶೋಧಕರ ಸಂಭಾವನೆಯನ್ನು ಮಂಡಳಿಯೇ ನಿಗದಿಪಡಿಸಬಹುದು.

ಪರಿಶೋಧನೆಗೆ ಸಂಬಂಧಿಸಿದಂತೆ ಲೆಕ್ಕ ಪರಿಶೋಧಕರು ಮಾಡಿದ ವೆಚ್ಚ ಹಾಗೂ ಅವರಿಗೆ ಒದಗಿಸಿದ ಸೌಲಭ್ಯಗಳು ಸಂಭಾವನೆಯಲ್ಲಿ ಸೇರುತ್ತವೆ. ಕಂಪನಿಯ ಕೋರಿಕೆಯ ಮೇರೆಗೆ ಸಲ್ಲಿಸಿದ ಇತರ ಸೇವೆಗಳ ಶುಲ್ಕ ಇದರಲ್ಲಿ ಸೇರುವುದಿಲ್ಲ. ಪರಿಶೋಧನೆ, ತೆರಿಗೆ ವಿಷಯಗಳು, ಕಂಪನಿ ಕಾನೂನು ವಿಷಯಗಳು, ಇತರ ಸೇವೆಗಳು ಹಾಗೂ ವೆಚ್ಚದ ಮರುಪಾವತಿ ಎಂದು ಪ್ರತ್ಯೇಕಿಸಿ ಈ ಪಾವತಿಗಳನ್ನು ಲೆಕ್ಕಪತ್ರಗಳಲ್ಲಿ ತೋರಿಸಬೇಕು. ಇದರಿಂದ, ಪರಿಶೋಧನೆಗಿಂತ ಇತರ ಸೇವೆಗಳಿಗೇ ಹೆಚ್ಚು ಹಣ ಸಂದಿದೆಯೇ ಎಂಬುದನ್ನು ಯಾವುದೇ ಸದಸ್ಯರು ತಿಳಿಯಬಹುದು.

ಅಧಿನಿಯಮವು ಕನಿಷ್ಠ ಅಥವಾ ಗರಿಷ್ಠ ಮೊತ್ತವನ್ನು ಗೊತ್ತುಪಡಿಸಿಲ್ಲ. ಆದರೆ ಲಾಭದ ಶೇಕಡಾವಾರು ಪ್ರಮಾಣದಲ್ಲಿ ಅಥವಾ ಪರಿಶೋಧನೆಯ ಫಲಿತಾಂಶವನ್ನು ಅವಲಂಬಿಸಿ ಶುಲ್ಕ ಪಡೆಯುವುದು ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮ, 1949ರನ್ವಯ ವೃತ್ತಿ ದುರ್ನಡತೆಯಾಗುತ್ತದೆ. ಹಿಂದಿನ ಲೆಕ್ಕ ಪರಿಶೋಧಕರಿಗೆ ವಿವಾದವಿಲ್ಲದ ಶುಲ್ಕ ಬಾಕಿ ಇರುವಾಗ ಹೊಸಬರು ನೇಮಕವನ್ನು ಒಪ್ಪಿಕೊಳ್ಳುವುದಕ್ಕೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ 2008ರ ಮಾರ್ಗಸೂಚಿಗಳಲ್ಲಿ ನಿರ್ಬಂಧವಿದೆ. ಆದುದರಿಂದ ಬದಲಾವಣೆ ಬಯಸುವ ಕಂಪನಿಗಳು ಮೊದಲು ಹಳೆಯ ಬಾಕಿಯನ್ನು ತೀರಿಸುವುದು ಸೂಕ್ತ.

8. ನಿಷೇಧಿತ ಸೇವೆಗಳು

ಲೆಕ್ಕ ಪರಿಶೋಧಕರು ಅದೇ ಕಂಪನಿಗೆ ಲೆಕ್ಕ ಬರೆಯುವುದು, ಆಂತರಿಕ ಪರಿಶೋಧನೆ, ಹಣಕಾಸು ಮಾಹಿತಿ ವ್ಯವಸ್ಥೆಯ ವಿನ್ಯಾಸ ಮತ್ತು ಅನುಷ್ಠಾನ, ವಿಮಾ ಗಣಕ ಸೇವೆ, ಹೂಡಿಕೆ ಸಲಹೆ, ಹೂಡಿಕೆ ಬ್ಯಾಂಕಿಂಗ್, ಹೊರಗುತ್ತಿಗೆಯ ಹಣಕಾಸು ಸೇವೆ ಹಾಗೂ ಆಡಳಿತ ನಿರ್ವಹಣಾ ಸೇವೆಗಳನ್ನು ನೇರವಾಗಿ ಅಥವಾ ಪರೋಕ್ಷವಾಗಿ ಒದಗಿಸುವಂತಿಲ್ಲ. ತಾವೇ ಬರೆದ ಲೆಕ್ಕವನ್ನು ತಾವೇ ಪರಿಶೀಲಿಸಿದರೆ ಅದು ಪರಿಶೋಧನೆ ಎನಿಸುವುದಿಲ್ಲ.

9. ರಾಜೀನಾಮೆ, ತೆರವಾದ ಸ್ಥಾನ ಮತ್ತು ತೆಗೆದುಹಾಕುವಿಕೆ

ರಾಜೀನಾಮೆ ನೀಡಿದ ಲೆಕ್ಕ ಪರಿಶೋಧಕರು ಕಾರಣಗಳೊಂದಿಗೆ 30 ದಿನಗಳೊಳಗೆ ನಮೂನೆ ಎಡಿಟಿ-3ನ್ನು ಕಂಪನಿಗೆ ಹಾಗೂ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸತಕ್ಕದ್ದು. ತೆರವಾದ ಸ್ಥಾನವನ್ನು ಮಂಡಳಿಯು 30 ದಿನಗಳೊಳಗೆ ತುಂಬಬೇಕು. ರಾಜೀನಾಮೆಯಿಂದ ತೆರವಾಗಿದ್ದಲ್ಲಿ, ಮಂಡಳಿಯ ಶಿಫಾರಸಿನ ಮೂರು ತಿಂಗಳೊಳಗೆ ನಡೆಯುವ ಸಾಮಾನ್ಯ ಸಭೆಯ ಒಪ್ಪಿಗೆಯೂ ಅಗತ್ಯ.

ಅವಧಿಗೆ ಮುನ್ನ ಲೆಕ್ಕ ಪರಿಶೋಧಕರನ್ನು ತೆಗೆದುಹಾಕುವುದು ನಿರ್ದೇಶಕರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಮಂಡಳಿಯ ನಿರ್ಣಯವಾದ 30 ದಿನಗಳೊಳಗೆ ನಮೂನೆ ಎಡಿಟಿ-2ರಲ್ಲಿ ಅರ್ಜಿ ಸಲ್ಲಿಸಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಅನುಮತಿ ದೊರೆತ 60 ದಿನಗಳೊಳಗೆ ಸಾಮಾನ್ಯ ಸಭೆ ನಡೆಸಿ ವಿಶೇಷ ನಿರ್ಣಯವನ್ನು ಅಂಗೀಕರಿಸಬೇಕು. ಸಂಬಂಧಪಟ್ಟವರಿಗೆ ತಮ್ಮ ಅಹವಾಲು ಹೇಳಿಕೊಳ್ಳುವ ಅವಕಾಶ ನೀಡಬೇಕು. ಪ್ರತಿಕೂಲ ವರದಿ ನೀಡಿದ ಕಾರಣಕ್ಕಾಗಿ ಲೆಕ್ಕ ಪರಿಶೋಧಕರನ್ನು ಹೊರಹಾಕಲು ಅವಕಾಶವಾಗಬಾರದೆಂಬುದೇ ಇದರ ಆಶಯ.

10. ಸೂಚನೆ ಸಲ್ಲಿಸುವ ವಿಧಾನ

ನೇಮಕಕ್ಕೆ ಮುನ್ನ ಲೆಕ್ಕ ಪರಿಶೋಧಕರ ಲಿಖಿತ ಒಪ್ಪಿಗೆ ಹಾಗೂ ಅರ್ಹತೆಯ ಪ್ರಮಾಣಪತ್ರ ಪಡೆದಿರಬೇಕು. ಸಭೆ ನಡೆದ 15 ದಿನಗಳೊಳಗೆ ಕಂಪನಿಯು ನಮೂನೆ ಎಡಿಟಿ-1ನ್ನು ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ಸಲ್ಲಿಸಬೇಕು. ಕರ್ನಾಟಕದಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿಗಳು ಬೆಂಗಳೂರಿನ ಕಂಪನಿಗಳ ರಿಜಿಸ್ಟ್ರಾರ್ ಅವರ ವ್ಯಾಪ್ತಿಗೆ ಬರುತ್ತವೆ. ಲಗತ್ತಿಸಬೇಕಾದ ದಾಖಲೆಗಳು:

ಅ) ನೇಮಕದ ನಿರ್ಣಯದ ಪ್ರತಿ;
ಆ) ಲೆಕ್ಕ ಪರಿಶೋಧಕರ ಲಿಖಿತ ಒಪ್ಪಿಗೆ;
ಇ) ಅನರ್ಹರಲ್ಲವೆಂಬ ಪ್ರಮಾಣಪತ್ರ;
ಈ) ಕಂಪನಿಯು ಲೆಕ್ಕ ಪರಿಶೋಧಕರಿಗೆ ನೀಡಿದ ತಿಳಿವಳಿಕೆ ಪತ್ರದ ಪ್ರತಿ.

ವಿಳಂಬವಾದಲ್ಲಿ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ. ಶುಲ್ಕ ಪಾವತಿಯ ರಸೀದಿ ಹಾಗೂ ಸೇವಾ ಕೋರಿಕೆಯ ಸಂಖ್ಯೆಯನ್ನು ಕಾಪಾಡಿಕೊಳ್ಳುವುದು.

11. ಉಲ್ಲಂಘನೆಯ ಪರಿಣಾಮ

ಈ ಉಪಬಂಧಗಳನ್ನು ಉಲ್ಲಂಘಿಸಿದ ಕಂಪನಿಗೆ 25,000 ರೂಪಾಯಿಗಳಿಂದ 5 ಲಕ್ಷ ರೂಪಾಯಿಗಳವರೆಗೆ, ತಪ್ಪಿತಸ್ಥ ಅಧಿಕಾರಿಗೆ 10,000 ರೂಪಾಯಿಗಳಿಂದ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ವಂಚಿಸುವ ಉದ್ದೇಶದಿಂದ ಉಲ್ಲಂಘಿಸಿದ ಲೆಕ್ಕ ಪರಿಶೋಧಕರಿಗೆ ಒಂದು ವರ್ಷದವರೆಗೆ ಕಾರಾವಾಸದ ಶಿಕ್ಷೆಯೂ ಇದೆ. ಅವರು ಪಡೆದ ಸಂಭಾವನೆಯನ್ನು ಹಿಂದಿರುಗಿಸಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದ ಪರಿಣಾಮ ಇನ್ನೊಂದಿದೆ. ಲೆಕ್ಕ ಪರಿಶೋಧಕರಿಲ್ಲದೆ ಆರ್ಥಿಕ ತಖ್ತೆಗಳನ್ನು ಸಲ್ಲಿಸಲಾಗದು. ಸತತ ಮೂರು ಆರ್ಥಿಕ ವರ್ಷಗಳ ತಖ್ತೆಗಳನ್ನು ಸಲ್ಲಿಸದ ಕಂಪನಿಯ ನಿರ್ದೇಶಕರು ಪ್ರಕರಣ 164ರನ್ವಯ ಐದು ವರ್ಷಗಳವರೆಗೆ ಅನರ್ಹರಾಗುತ್ತಾರೆ. 2017ರಲ್ಲಿ ಈ ಉಪಬಂಧದನ್ವಯ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹರೆಂದು ಗುರುತಿಸಲಾಯಿತು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಂಪನಿ ನೋಂದಣಿಯಾಗಿದೆ, ವ್ಯಾಪಾರ ಆರಂಭವಾಗಿಲ್ಲ. ನೇಮಕವನ್ನು ಮುಂದೂಡಬಹುದೇ?
ಉತ್ತರ: ಇಲ್ಲ. 30 ದಿನಗಳ ಅವಧಿಯನ್ನು ನೋಂದಣಿಯ ದಿನಾಂಕದಿಂದ ಎಣಿಸಲಾಗುತ್ತದೆ.

ಪ್ರಶ್ನೆ: ಅಲ್ಪ ಸಂಖ್ಯೆಯ ಷೇರು ಹೊಂದಿರುವ ಸದಸ್ಯರು ಏನು ಮಾಡಬಹುದು?
ಉತ್ತರ: ಸಾಮಾನ್ಯವಾಗಿ ಸಭೆಗೆ 21 ದಿನಗಳ ಮುಂಚಿತವಾಗಿ ಆರ್ಥಿಕ ತಖ್ತೆ ಹಾಗೂ ಪರಿಶೋಧನಾ ವರದಿಯ ಪ್ರತಿ ಪಡೆಯಲು ಅವರು ಹಕ್ಕುಳ್ಳವರು. ನೇಮಕ ಮತ್ತು ಸಂಭಾವನೆಯ ನಿರ್ಣಯದ ಮೇಲೆ ಸಭೆಯಲ್ಲಿ ಪ್ರಶ್ನಿಸಿ ಮತ ಚಲಾಯಿಸಬಹುದು.

ಪ್ರಶ್ನೆ: ಸದಸ್ಯರಲ್ಲದವರು ಕಂಪನಿಯ ಲೆಕ್ಕ ಪರಿಶೋಧಕರ ವಿವರ ತಿಳಿಯಬಹುದೇ?
ಉತ್ತರ: ಹೌದು. ರಿಜಿಸ್ಟ್ರಾರ್ ಅವರಲ್ಲಿ ದಾಖಲಾದ ಪತ್ರಗಳನ್ನು ನಿಗದಿತ ಶುಲ್ಕ ಪಾವತಿಸಿ ಮಂತ್ರಾಲಯದ ಜಾಲತಾಣದಲ್ಲಿ ಪರಿಶೀಲಿಸಬಹುದು. ಠೇವಣಿ ಇಡುವವರು ಹಾಗೂ ಸಾಲಕ್ಕೆ ಸರಕು ಪೂರೈಸುವವರು ಈ ಸೌಲಭ್ಯವನ್ನು ಬಳಸಿಕೊಳ್ಳುವುದು ಒಳಿತು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ, ನಿಯಮಗಳು ಹಾಗೂ ಕಾಲಕಾಲಕ್ಕೆ ಹೊರಡಿಸಲಾಗುವ ಅಧಿಸೂಚನೆಗಳೇ ಅಂತಿಮ.