ದುರ್ವಾಸನೆ ಮರವೂ ಗಾಜಿನ ಸೀಸೆಯೂ

ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಒಂದು ಚಿಕ್ಕ ಮರಕ್ಕೆ ಕನ್ನಡದಲ್ಲಿ ದುರ್ವಾಸನೆ ಮರ ಎಂದೇ ಹೆಸರು. ಅದರ ಹೂವಿನ ನಾತವೇ ಅಂಥದ್ದು. ಸಸ್ಯಶಾಸ್ತ್ರಜ್ಞರೂ ಹಿಂದೆ ಅದನ್ನು ಮ್ಯಾಪಿಯಾ ಫೀಟಿಡಾ, ಅಂದರೆ ನಾರುವ ಮ್ಯಾಪಿಯಾ, ಎಂದು ಕರೆಯುತ್ತಿದ್ದರು. ಈಗಿನ ಹೆಸರು ನೋಥಪೊಡೈಟಿಸ್ ನಿಮ್ಮೋನಿಯಾನಾ.

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತದಿಂದ ಅಲ್ಲಿಗೆ ಹೋಗಿದ್ದ ಮನ್ಸುಖ್ ವಾಣಿ, ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಕ್ಯಾನ್ಸರ್ ಗೆಡ್ಡೆಗಳ ಮೇಲೆ ಅದು ಕೆಲಸ ಮಾಡುತ್ತಿತ್ತು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ದುರ್ವಾಸನೆ ಮರದಲ್ಲಿ ಕಂಡರು. ಚೀನಾದ ಮರಕ್ಕಿಂತ ಹೆಚ್ಚೇ ಇತ್ತು. ಆದರೆ ಹೆಚ್ಚುಕಡಿಮೆ ಅದೇ ಕಾಲಕ್ಕೆ ರೋಗಿಗಳ ಮೂತ್ರಕೋಶಕ್ಕೆ ಹಾನಿಯಾಗಿ ಔಷಧದ ಪ್ರಯೋಗಗಳು ನಿಂತವು. ಮರ ಸದ್ಯಕ್ಕೆ ಬಚಾವಾಯಿತು.

ಆ ವಿರಾಮ ಮುಗಿದದ್ದು 1985ರಲ್ಲಿ. ಡಿಎನ್‌ಎಯ ತಿರುಚನ್ನು ಸಡಿಲಿಸುವ ಟೋಪೋಐಸೋಮರೇಸ್ ಎಂಬ ಕಿಣ್ವವನ್ನು ಕ್ಯಾಂಪ್ಟೊಥೆಸಿನ್ ಅಡ್ಡಗಟ್ಟುತ್ತದೆ ಎಂಬುದು ಗೊತ್ತಾಯಿತು. 1996ರಲ್ಲಿ ಅದರಿಂದ ತಯಾರಾದ ಟೋಪೋಟೆಕಾನ್, ಇರಿನೋಟೆಕಾನ್ ಎರಡಕ್ಕೂ ಅಮೆರಿಕ ಅನುಮತಿ ಕೊಟ್ಟಿತು. ಬೇಡಿಕೆಯ ಹಿಂದೆಯೇ ಕೊಡಲಿಯೂ ಕಾಡಿಗೆ ಬಂತು. ಆಲ್ಕಲಾಯ್ಡ್ ಬೇರಿನಲ್ಲೂ ಧಾರಾಳವಾಗಿರುವುದರಿಂದ ಕೊಂಬೆ ಕಡಿದು ಸುಮ್ಮನಾಗುವಂತಿರಲಿಲ್ಲ, ಬುಡಸಮೇತ ಕಿತ್ತರು.

ಮರವನ್ನು ಮುಟ್ಟದೆಯೇ ಔಷಧ ಸಿಗುವುದಾದರೆ? ಎಲೆಯ ಚೂರನ್ನು ಪೋಷಕಾಂಶವಿರುವ ಜೆಲ್ಲಿಯ ಮೇಲಿಟ್ಟರೆ ಕ್ಯಾಲಸ್ ಎಂಬ ಆಕಾರವಿಲ್ಲದ ಕೋಶಮುದ್ದೆ ಬೆಳೆಯುತ್ತದೆ. ಭಾಭಾ ಅಣುಸಂಶೋಧನ ಕೇಂದ್ರದ ರೋಜಾ ಮತ್ತು ಹೆಬ್ಳೆ 1994ರಲ್ಲಿ ಇಂಥ ಅಂಗಾಂಶ ಕೃಷಿಯಲ್ಲಿ ಕ್ಯಾಂಪ್ಟೊಥೆಸಿನ್ ಪತ್ತೆಮಾಡಿದರು. 2000ದಲ್ಲಿ ವಾರಂಗಲ್‌ನ ಕಾಕತೀಯ ವಿಶ್ವವಿದ್ಯಾಲಯದ ಸಿದ್ದಿ ವೀರೇಶಂ, ಅಮೆರಿಕದ ಮೈಕೆಲ್ ಶೂಲರ್ ಜೊತೆ ಸೇರಿ ಇದೇ ಮರದ ಕ್ಯಾಲಸ್‌ನ ಮೇಲೆ ವರದಿ ಬರೆದರು. ವಸ್ತು ಸಿಕ್ಕಿತು ನಿಜ, ಆದರೆ ಬರೀ ಲೇಶಮಾತ್ರ. ಬೇರು, ಕಾಂಡ, ತೊಗಟೆ ಎಂಬ ವಿಂಗಡಣೆ ಇಲ್ಲದ ಕೋಶಮುದ್ದೆ ವಿಷ ತಯಾರಿಸುವ ಉಸಾಬರಿಗೆ ಅಷ್ಟಾಗಿ ಹೋಗುವುದಿಲ್ಲ. ಇದಕ್ಕೆ ಸಾಕ್ಷಿಯಂತೆ ಜಪಾನಿನ ಕಜುಕಿ ಸೈಟೊ ತಂಡ 2001ರಲ್ಲಿ ಕಾಫಿ ಕುಟುಂಬದ ಓಫಿಯೊರೈಜಾ ಎಂಬ ಗಿಡದ ಬೇರುಗಳನ್ನೇ ದ್ರವದಲ್ಲಿ ಬೆಳೆಸಿದಾಗ ಅವು ಕ್ಯಾಂಪ್ಟೊಥೆಸಿನ್ ಕೊಟ್ಟವು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಇನ್ನೊಂದು ದಾರಿ ಹಿಡಿದರು: ದುರ್ವಾಸನೆ ಮರದೊಳಗೇ ವಾಸಿಸುವ ಶಿಲೀಂಧ್ರಗಳನ್ನು ತೆಗೆದು ಸಾಕುವುದು. ಅವೂ ಕ್ಯಾಂಪ್ಟೊಥೆಸಿನ್ ಕೊಟ್ಟವು. ಆದರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿದಷ್ಟೂ ಇಳುವರಿ ಕುಗ್ಗುತ್ತಾ ಹೋಯಿತು ಎಂದು 2010ರಲ್ಲಿ ಅವರೇ ಬರೆದರು. ಶಿಲೀಂಧ್ರ ಸೊಂಪಾಗಿ ಬೆಳೆಯುತ್ತಲೇ ಇತ್ತು, ಔಷಧ ಮಾತ್ರ ಕರಗುತ್ತಿತ್ತು.